ಆರನೆಯ ಸೂನೆ

ಪರ್ವತದಲ್ಲಿ ಹೊಗೆಯನ್ನು ಕಂಡವನು ಅಲ್ಲಿ ಅಗ್ನಿಯುಂಟೆಂದು ನಿಶ್ಚಯಿಸಬಹುದು. ಆದರೆ ಅಗ್ನಿಯನ್ನು ಕಂಡವನು ಅಲ್ಲಿ ಹೊಗೆಯುಂಟೆಂದು ನಿಶ್ಚಯಿಸಲಾಗದು. ತರ್ಕಶಾಸ್ತ್ರದ ಮೊದಲ ಮೆಟ್ಟಿಲುಗಳನ್ನು ಹತ್ತಿದವರೆಲ್ಲರಿಗೂ ಈ ವಿಚಾರ ಪರಿಚಿತವಾದದ್ದು. ಎರಡನೆಯ ಅನುಮಾನ ಏಕೆ ಸಲ್ಲದೆಂಬುದಕ್ಕೆ ನೈಯಾಯಿಕರು ಕೊಡತಕ್ಕ ನಿದರ್ಶನ, ಕಾದು ಕೆಂಪಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗ ಎಲ್ಲಿದೆಯೋ ಅಲ್ಲಿ ಮಾತ್ರ ಬೆಂಕಿ ಹೊಗೆಯನ್ನು ಹಡೆಯುತ್ತದೆ; ಆ ಉಪಾಧಿಯನ್ನು ತೆಗೆದರೆ ಹೊಗೆಯೂ ತೊಲಗುತ್ತದೆಂದು ಅವರ ಸಮಾಧಾನ. ಕಬ್ಬಿಣದ ಗುಂಡಿನಲ್ಲಿ ಅಡುಗೆ ಮಾಡುವವರು ಯಾರೂ ಇಲ್ಲವಾದ್ದರಿಂದ, ಹೊಗೆಯಿಲ್ಲದ ಬೆಂಕಿ ಶತಮಾನಗಳ ಕಾಲ ಪಂಡಿತರ ವಾಕ್ಯಾರ್ಥಗಳಲ್ಲಿ ಮಾತ್ರ ಉರಿಯುತ್ತಿತ್ತು. ಈಗ ಅದು ಊರುಗಳ ನಡುವೆ ಬಂದು ನಿಂತಿದೆ. ನ್ಯೂಯಾರ್ಕ್ ನಗರದ ದಕ್ಷಿಣ ಬ್ರಾಂಕ್ಸ್‌ನಲ್ಲಿ, ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕಿನ ಕಡಲಂಚಿನಲ್ಲಿ, ಕ್ವೀನ್ಸ್‌ನ ನದೀತೀರದಲ್ಲಿ, ನೆಲದಡಿಯ ಕೊಳವೆಯಿಂದ ಬರುವ ಅನಿಲವನ್ನು ಉರಿಸಿ ವಿದ್ಯುತ್ತನ್ನು ಮಾಡುವ ಯಂತ್ರಗಳಿವೆ; ಅವುಗಳ ಚಿಮಣಿಯ ತುದಿಯಲ್ಲಿ ಕಾಣುವುದು ಬಿಸಿಲ್ಗುದುರೆಯಂತೆ ನಡುಗುವ ಗಾಳಿಯೇ ಹೊರತು ಕಪ್ಪು ಹೊಗೆಯಲ್ಲ. ಆ ಕಾಣದ ಹೊಗೆಯ ಕರ್ತೃ ಯಾರು, ಅದರ ದೋಷ ಯಾರ ಲೆಕ್ಕಕ್ಕೆ ಸೇರತಕ್ಕದ್ದು ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಗಳ ಬೆಳಕಿನಲ್ಲಿ ಕೇಳಿದರೆ ಏನು ಉತ್ತರ ಬಂದೀತೆಂಬುದೇ ಇಲ್ಲಿಯ ವಿಚಾರ.

ಮೊದಲು ಆ ಯಂತ್ರಗಳ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ವಿದ್ಯುತ್ತನ್ನು ಬೇಡುವ ಜನರ ಬೇಡಿಕೆ ದಿನದ ಎಲ್ಲ ಹೊತ್ತಿನಲ್ಲಿಯೂ, ವರ್ಷದ ಎಲ್ಲ ದಿನಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಇದುವರೆಗಿನ ಅತ್ಯುಚ್ಚ ಬೇಡಿಕೆ ಬಂದದ್ದು 2013ರ ಜುಲೈ 19ರಂದು. ಅಂದಿನ ಸೆಕೆಯಲ್ಲಿ ಅದು 33,956 ಮೆಗಾವಾಟಿಗೆ ಮುಟ್ಟಿತು. ಆ ವರ್ಷದ ಸರಾಸರಿ ಬೇಡಿಕೆ ಇದರ ಅರ್ಧಕ್ಕಿಂತ ತುಸು ಮಾತ್ರ ಮೇಲಿತ್ತು. ಎಂದರೆ ವರ್ಷವಿಡೀ ಸಾಕಾಗುವ ಸ್ಥಾವರಗಳಲ್ಲದೆ, ಕೆಲವೇ ಸಂಜೆಗಳಿಗಾಗಿ ಮತ್ತೆ ಹಲವು ಸ್ಥಾವರಗಳನ್ನು ಕಟ್ಟಿ, ಅವುಗಳಿಗೆ ಕಾವಲಿಟ್ಟು, ಎಣ್ಣೆ ಹಾಕಿ, ಕಾದಿರಬೇಕು. ಮದುವೆ ಮುಂಜಿಗಳಿಗೆ ಮಾತ್ರ ಇಳಿಸುವ ಅಟ್ಟದ ಮೇಲಿನ ಕೊಪ್ಪರಿಗೆಯಂತೆ ಇವು ಉಳಿದ ದಿನಗಳೆಲ್ಲ ಸುಮ್ಮನಿರುತ್ತವೆ. ಇಂಥವಕ್ಕೆ ಆ ದೇಶದವರು ಪೀಕರ್ ಎಂದು ಹೆಸರಿಟ್ಟಿದ್ದಾರೆ. ಸುಮ್ಮನಿರುವುದಕ್ಕೂ ಅವಕ್ಕೆ ಸಂಬಳವುಂಟು: ವಿದ್ಯುತ್ ಕೊಟ್ಟದ್ದಕ್ಕೆ ಬೇರೆ, ಕೊಡಲು ಸಿದ್ಧವಾಗಿದ್ದದ್ದಕ್ಕೆ ಬೇರೆ ಎಂದು ಮಾರುಕಟ್ಟೆಯ ನಿಯಮವೇ ಎರಡು ಬಗೆಯ ಹಣವನ್ನು ಗೊತ್ತುಮಾಡಿದೆ. ಕರ್ಮ ಮಾಡದೆಯೇ ಫಲವನ್ನುಣ್ಣುವ ಈ ಸ್ಥಿತಿಯನ್ನು ಯಾವ ವೇದಾಂತಿಯೂ ಊಹಿಸಿರಲಾರನು.

ಕರೆ ಬಂದ ಕೂಡಲೆ, ಹತ್ತು ಹದಿನೈದು ನಿಮಿಷಗಳೊಳಗೆ ಪೂರ್ಣ ವೇಗಕ್ಕೆ ಬರಬೇಕೆಂಬುದು ಇವುಗಳ ಧರ್ಮ. ಆದ್ದರಿಂದ ಇವುಗಳಲ್ಲಿ ಬಹುಪಾಲು ಸಾದಾ ಅನಿಲ ಟರ್ಬೈನುಗಳು. ಕೆಲವಂತೂ ನೇರವಾಗಿ ವಿಮಾನದ ವಂಶದವು. ನ್ಯೂಯಾರ್ಕಿನ ಸರ್ಕಾರಿ ವಿದ್ಯುತ್ ಪ್ರಾಧಿಕಾರ ತಂದು ನಿಲ್ಲಿಸಿದ ಎಲ್.ಎಂ.6000 ಎಂಬ ಯಂತ್ರವು ಬೋಯಿಂಗ್ 747ರ ರೆಕ್ಕೆಯಡಿಯಲ್ಲಿ ತೂಗುವ ಎಂಜಿನ್ ಒಂದರಿಂದಲೇ ರೂಪುಗೊಂಡದ್ದು. ದೊಡ್ಡ ಸ್ಥಾವರಗಳಲ್ಲಿ ಟರ್ಬೈನಿನಿಂದ ಹೊರಬಂದ ಬಿಸಿಗಾಳಿಯನ್ನು ಹಿಡಿದು, ಅದರಿಂದ ನೀರನ್ನು ಕಾಯಿಸಿ, ಆ ಉಗಿಯಿಂದ ಮತ್ತೊಂದು ಟರ್ಬೈನನ್ನು ತಿರುಗಿಸುತ್ತಾರೆ. ಇಂಧನದ ಶಕ್ತಿಯಲ್ಲಿ ನೂರಕ್ಕೆ ಅರವತ್ತು ಪಾಲಿನವರೆಗೂ ಹಾಗೆ ದಕ್ಕುತ್ತದೆ. ಅವಸರದ ಪೀಕರಿಗೆ ಅಷ್ಟು ವ್ಯವಧಾನವಿಲ್ಲ. ಅದಕ್ಕೆ ದಕ್ಕುವುದು ಮೂವತ್ತರಿಂದ ನಲವತ್ತು. ಉಳಿದದ್ದೆಲ್ಲ ಚಿಮಣಿಯಿಂದ ಆಕಾಶಕ್ಕೆ. ಹೀಗಾಗಿ ಒಂದೊಂದು ಯೂನಿಟ್ಟಿಗೂ ಅದು ಬಿಡತಕ್ಕ ಇಂಗಾಲದ ಡೈಆಕ್ಸೈಡು, ನಿಧಾನವಂತರಾದ ಅದರ ದಾಯಾದಿಗಳು ಬಿಡುವುದಕ್ಕಿಂತ ಎಷ್ಟೋ ಹೆಚ್ಚು.

ಇನ್ನು ಹೊಗೆಯ ಮಾತು. ಹಸಿಯ ಸೌದೆ ಇಲ್ಲಿಲ್ಲ. ಗಂಧಕವಾಗಲಿ ಬೂದಿಯಾಗಲಿ ಬಹುಮಟ್ಟಿಗೆ ಇಲ್ಲ. ಅಷ್ಟೇ ಶಾಖಕ್ಕೆ ಕಲ್ಲಿದ್ದಲು ಬಿಡುವ ಇಂಗಾಲದ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ಈ ಅನಿಲ ಬಿಡುತ್ತದೆ. ಹಾಗಾದರೆ ನೈಯಾಯಿಕನ ಮಾತು ನಿಂತಿತೆನ್ನಬಹುದೆ? ಇಲ್ಲಿಯೇ ಒಂದು ಸೂಕ್ಷ್ಮವಿದೆ. ಬೆಂಕಿಯ ಉಷ್ಣ ಸುಮಾರು 1,500 ಡಿಗ್ರಿಯನ್ನು ಮೀರಿದಾಗ, ನಾವು ಉಸಿರಾಡುವ ಗಾಳಿಯಲ್ಲಿಯೇ ಇರತಕ್ಕ, ಎಂದೂ ಯಾರ ಗೊಡವೆಗೂ ಹೋಗದ ಸಾರಜನಕವು ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ದೋಷ ಸೌದೆಯಿಂದ ಬಂದದ್ದಲ್ಲ. ಬೆಂಕಿ ತನ್ನ ತೀಕ್ಷ್ಣತೆಯಿಂದ ನಿರ್ದೋಷವಾದ ಗಾಳಿಯನ್ನೇ ಕೆಡಿಸಿತು. ಆ ಆಕ್ಸೈಡುಗಳು ಬೇಸಗೆಯ ಬಿಸಿಲಿನಲ್ಲಿ, ಪಟ್ಟಣದ ಗಾಳಿಯಲ್ಲಿರುವ ಪೆಟ್ರೋಲಿನ ಆವಿ ಮೊದಲಾದವುಗಳೊಡನೆ ಸೇರಿ ಓಜೋನನ್ನು ಹುಟ್ಟಿಸುತ್ತವೆ. ಮೇಲೆ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್ ಕೆಳಗೆ ಬೀದಿಯಲ್ಲಿ ಶ್ವಾಸಕೋಶವನ್ನು ಉರಿಸುವಂಥದು. ಬಿಸಿಲು ಎಷ್ಟು ಪ್ರಖರವೋ ಓಜೋನ್ ಅಷ್ಟು; ಮತ್ತು ಬಿಸಿಲು ಪ್ರಖರವಾದ ದಿನಗಳಲ್ಲಿಯೇ ಪೀಕರ್ ಓಡತಕ್ಕದ್ದು. ಈ ಆಕ್ಸೈಡುಗಳನ್ನು ಅಮೋನಿಯದಿಂದಲೂ ಒಂದು ಬಗೆಯ ವೇಗವರ್ಧಕದಿಂದಲೂ ಮತ್ತೆ ಸಾರಜನಕವಾಗಿಯೂ ನೀರಾಗಿಯೂ ಮಾರ್ಪಡಿಸುವ ಉಪಾಯವುಂಟು. ಹೊಸ ಯಂತ್ರಗಳಿಗೆಲ್ಲ ಅದನ್ನು ಅಳವಡಿಸಿದ್ದಾರೆ. ಆದರೆ ವೇಗವರ್ಧಕವು ಕಾದ ಮೇಲೆಯೇ ಕೆಲಸ ಮಾಡುವುದು. ಹೊತ್ತಿಸಿದ ಮೊದಲ ನಿಮಿಷಗಳ ಹೊಲಸೆಲ್ಲ ಹಾಗೆಯೇ ಹೊರಬೀಳುತ್ತದೆ. ದಿನವಿಡೀ ಓಡುವ ಸ್ಥಾವರಕ್ಕೆ ಆ ಕೆಲವು ನಿಮಿಷ ಲೆಕ್ಕಕ್ಕಿಲ್ಲ. ಪೀಕರಿನ ಬಾಳೆಲ್ಲ ಹೊತ್ತಿಸುವುದು, ಆರಿಸುವುದು, ಮತ್ತೆ ಹೊತ್ತಿಸುವುದು.

ಇವು ಆ ನಗರಕ್ಕೆ ಬಂದ ಬಗೆಯೂ ವಿಚಾರಾರ್ಹವಾದದ್ದೇ. 1965ರ ನವೆಂಬರ್ 9ರ ಸಂಜೆ ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡದ ಒಂಟೇರಿಯೊದಲ್ಲಿಯೂ ಸುಮಾರು ಮೂರು ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಆಮೇಲಿನ ವರ್ಷಗಳಲ್ಲಿ, ಕೂಡಲೆ ಹೊತ್ತಿಕೊಳ್ಳಬಲ್ಲ ಟರ್ಬೈನುಗಳನ್ನು ನಗರದ ಸುತ್ತಲೂ ಇಡಲಾಯಿತು. ಸನ್‌ಸೆಟ್ ಪಾರ್ಕಿನ ಎದುರಿಗೆ ಅವನ್ನು ದೊಡ್ಡ ದೋಣಿಗಳ ಮೇಲೆ ನಿಲ್ಲಿಸಿ ಗೊವಾನಸ್ ಕೊಲ್ಲಿಗೆ ತಂದು ಕಟ್ಟಿದರು. 1970ರ ದಶಕದ ಮೊದಲಲ್ಲಿ ಬಂದ ಆ ದೋಣಿಗಳಲ್ಲಿ ಕೆಲವು ಇನ್ನೂ ಅಲ್ಲಿವೆ. ಆಮೇಲೆ 2001 ಬಂದಿತು. ಕ್ಯಾಲಿಫೋರ್ನಿಯದಲ್ಲಿ ಆಗತಾನೆ ವಿದ್ಯುತ್ ಕ್ಷಾಮ ತಲೆದೋರಿ, ನ್ಯೂಯಾರ್ಕಿನವರೂ ಅಂಜಿ, ಆ ಬೇಸಗೆಯೊಳಗೆ ಹನ್ನೊಂದು ಟರ್ಬೈನುಗಳನ್ನು ನಿಲ್ಲಿಸಲೇಬೇಕೆಂದು ಪ್ರಾಧಿಕಾರ ಹೊರಟಿತು. ಒಂದೊಂದು 44 ಮೆಗಾವಾಟಿನದು. ಎಂಬತ್ತು ಮೆಗಾವಾಟು ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಾವರಕ್ಕೆ ಆ ರಾಜ್ಯದ ಕಾನೂನಿನಲ್ಲಿ ದೀರ್ಘವಾದ ಸ್ಥಳ ಪರೀಕ್ಷೆಯೊಂದು ವಿಧಿತವಾಗಿತ್ತು. ಆದ್ದರಿಂದ ಎರಡು ಯಂತ್ರಗಳಿದ್ದ ಸ್ಥಳಗಳಲ್ಲಿ, ಎರಡೂ ಕೂಡಿ 88 ಕೊಡಬಲ್ಲವಾದರೂ, 79.9ರ ಮಿತಿಯನ್ನು ಹಾಕಿಕೊಂಡರು. ಧರ್ಮದ ಗತಿ ಸೂಕ್ಷ್ಮವೆಂದು ಹಿರಿಯರು ಹೇಳಿದ್ದುಂಟು. ದಶಮಾಂಶದ ಒಂದು ಸ್ಥಾನದಷ್ಟು ಸೂಕ್ಷ್ಮವೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಸನ್‌ಸೆಟ್ ಪಾರ್ಕಿನ ಯುಪ್ರೋಸ್ ಎಂಬ ನೆರೆಹೊರೆಯವರ ಸಂಸ್ಥೆ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಸಣ್ಣದಾದ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣಗಳ ಪರಿಣಾಮವನ್ನು ಪ್ರಾಧಿಕಾರ ಸರಿಯಾಗಿ ಪರಿಶೀಲಿಸಿಲ್ಲವೆಂಬುದು ಅವರ ವಾದ. ಮೇಲ್ಮನವಿ ನ್ಯಾಯಾಲಯ ಅದನ್ನೊಪ್ಪಿ, ಪೂರ್ಣ ಪರಿಶೀಲನೆ ಆಗಬೇಕೆಂದು ಹೇಳಿತು. ಆದರೆ ಅದು ಆಗುವವರೆಗೆ ಯಂತ್ರಗಳು ಓಡಲಿ ಎಂದಿತು. ಯಂತ್ರಗಳನ್ನಿಟ್ಟ ನೆಲವನ್ನು ನೋಡಿದರೆ ಮತ್ತೊಂದು ಮಾತು ಹೊಳೆಯುತ್ತದೆ. ದಕ್ಷಿಣ ಬ್ರಾಂಕ್ಸ್‌ನ ಮಾಟ್ ಹೇವನ್ ಮತ್ತು ಪೋರ್ಟ್ ಮಾರಿಸ್ ಭಾಗಗಳು ಬಡವರವು. ಸ್ಪ್ಯಾನಿಷ್ ಮಾತಾಡುವವರೂ ಕಪ್ಪು ಜನರೂ ಹೆಚ್ಚಾಗಿರುವಂಥವು. ಹೆದ್ದಾರಿಗಳೂ ಲಾರಿಗಳೂ ಕಸದ ಕೊಟ್ಟಿಗೆಗಳೂ ಮೊದಲೇ ಅಲ್ಲಿ ನೆಲಸಿದ್ದವು. ಮಕ್ಕಳಲ್ಲಿ ಉಬ್ಬಸ ಎಷ್ಟು ಹೆಚ್ಚೆಂದರೆ ಉಬ್ಬಸದ ಓಣಿಯೆಂದೇ ಆ ಭಾಗಕ್ಕೆ ಅಡ್ಡಹೆಸರು. ಆ ಉಬ್ಬಸವೆಲ್ಲ ಪೀಕರಿನಿಂದ ಬಂದದ್ದೆಂದು ಯಾರೂ ಹೇಳಲಾರರು. ಲಾರಿಯ ಪಾಲೇ ಅದಕ್ಕಿಂತ ದೊಡ್ಡದಿರಬಹುದು. ಮೊದಲೇ ತುಂಬಿದ್ದ ಎದೆಗೆ ಮತ್ತೊಂದನ್ನು ತುಂಬಿದರೆಂಬುದಷ್ಟೇ ಇಲ್ಲಿಯ ಆಕ್ಷೇಪಣೆ.

ಈಗ ಕರ್ತೃತ್ವದ ಪ್ರಶ್ನೆಗೆ ಬರೋಣ. ಮಹಾಭಾರತದ ಅನುಶಾಸನಪರ್ವದ ಆರಂಭದಲ್ಲಿ ಒಂದು ಕಥೆಯಿದೆ. ಗೌತಮಿಯೆಂಬ ವೃದ್ಧೆಯ ಮಗ ಹಾವು ಕಚ್ಚಿ ಸತ್ತನು. ಅರ್ಜುನಕನೆಂಬ ಬೇಡನು ಆ ಹಾವನ್ನು ಕಟ್ಟಿ ತಂದು, ಇದನ್ನು ಸುಡಲೇ ಕತ್ತರಿಸಲೇ ಎಂದು ಕೇಳುತ್ತಾನೆ. ಗೌತಮಿ ಬೇಡವೆನ್ನುತ್ತಾಳೆ. ಆಗ ಹಾವು ಮಾತನಾಡುತ್ತದೆ: ನಾನು ಸ್ವತಂತ್ರನಲ್ಲ, ಮೃತ್ಯು ಪ್ರೇರಿಸಿದ್ದರಿಂದ ಕಚ್ಚಿದೆ, ಕುಂಬಾರನ ಕೈಯ ಚಕ್ರದಂಡಗಳು ಹೇಗೋ ನಾನು ಹಾಗೆ ಎಂದು. ಮೃತ್ಯುವೇ ಪ್ರತ್ಯಕ್ಷನಾಗಿ, ನಾನೂ ಪರವಶ, ಕಾಲನ ಆಜ್ಞೆಯಂತೆ ನಡೆದವನು ಎನ್ನುತ್ತಾನೆ. ಕಾಲನು ಬಂದು, ನಾನೂ ಅಲ್ಲ, ಮೃತ್ಯುವೂ ಅಲ್ಲ, ಸರ್ಪವೂ ಅಲ್ಲ; ಆ ಬಾಲಕನ ಕರ್ಮವೇ ಅವನ ಮರಣಕ್ಕೆ ಕಾರಣ ಎಂದು ವ್ಯಾಜ್ಯವನ್ನು ಮುಗಿಸುತ್ತಾನೆ. ಗೌತಮಿ ಅದನ್ನೊಪ್ಪಿ, ಪುತ್ರಶೋಕ ಬರುವಂತೆ ತನ್ನ ಕರ್ಮವೂ ಇತ್ತೆಂದು ಸೇರಿಸುತ್ತಾಳೆ. ಹಾವಿಗೆ ಬಿಡುಗಡೆಯಾಗುತ್ತದೆ.

ಬೇಸಗೆಯ ಸಂಜೆ ನಾಲ್ಕರ ಮೇಲೆ ನ್ಯೂಯಾರ್ಕಿನಲ್ಲಿ ಪೀಕರೊಂದು ಹೊತ್ತಿಕೊಂಡಾಗ ನಡೆಯುವುದೂ ಬಹುಮಟ್ಟಿಗೆ ಈ ವ್ಯಾಜ್ಯವೇ. ಸ್ಥಾವರದ ಅಧಿಕಾರಿಯನ್ನು ಕೇಳಿದರೆ, ಗ್ರಿಡ್ಡಿನ ನಿಯಂತ್ರಣ ಕೊಠಡಿಯಿಂದ ಆದೇಶ ಬಂದಿತು, ಹೊತ್ತಿಸಿದೆ ಎನ್ನುವನು. ನಿಯಂತ್ರಣ ಕೊಠಡಿಯವನಾದರೋ, ಬೇಡಿಕೆಯೇರಿತು, ಏರಿದ ಕ್ಷಣದಲ್ಲಿಯೇ ಉತ್ಪಾದನೆಯನ್ನು ಏರಿಸದಿದ್ದರೆ ಆವರ್ತನ ಕುಸಿದು ಊರೆಲ್ಲ ಕತ್ತಲಾಗುತ್ತಿತ್ತು, ನನ್ನ ಇಚ್ಛೆಯೆಂಬುದು ಇದರಲ್ಲಿ ಏನೂ ಇಲ್ಲ ಎನ್ನುವನು. ಬೇಡಿಕೆಯೇರಿಸಿದವರು ಲಕ್ಷಾಂತರ ಜನ. ಅವರಲ್ಲಿ ಒಬ್ಬನನ್ನು ನಿಲ್ಲಿಸಿ ಕೇಳಿದರೆ, ಸೆಕೆ ತಾಳಲಾರದೆ ಹವಾನಿಯಂತ್ರಕವನ್ನು ಹಾಕಿದೆ, ನಾನೊಬ್ಬ ಹಾಕದಿದ್ದರೆ ನಿಮ್ಮ ಯಂತ್ರ ನಿಲ್ಲುತ್ತಿತ್ತೆ ಎನ್ನುವನು. ಅವನ ಮಾತು ಸುಳ್ಳಲ್ಲ. ಇನ್ನು ಉಳಿದದ್ದು ಸೆಕೆ. ಅದನ್ನು ವಿಚಾರಿಸಹೊರಟರೆ, ಒಂದು ನೂರ ಐವತ್ತು ವರ್ಷಗಳಿಂದ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಅನಿಲವನ್ನೂ ಉರಿಸುತ್ತ ಬಂದ ಐದಾರು ತಲೆಮಾರುಗಳು, ಸತ್ತವರೂ ಬದುಕಿರುವವರೂ, ಸಾಲಾಗಿ ನಿಲ್ಲುತ್ತಾರೆ. ಕಾಲನೇ ಬಂದು ನಿಂತಂತಾಯಿತು. ಮುಂದಿನ ಉತ್ತರವೊಂದೇ ಉಳಿಯಿತು: ಮಾಟ್ ಹೇವನ್ನಿನ ಮಗು ಉಸಿರಿಗೆ ಬಾಯಿ ಬಿಡುತ್ತಿರುವುದು ಅದರ ಕರ್ಮ.

ಈ ಕೊನೆಯ ಮಾತು ಓದುಗನ ಮನಸ್ಸಿಗೆ ಒಗ್ಗದಿದ್ದರೆ ಅದು ಆತನ ಅಶ್ರದ್ಧೆಯೆಂದು ನಾನು ತಿಳಿಯಲಾರೆ. ಕಥೆಯಲ್ಲಿ ಶಾಂತಿಯನ್ನು ತಂದ ಮಾತೇ ಇಲ್ಲಿ ಕ್ರೌರ್ಯವಾಗಿ ಕೇಳುವುದೇಕೆ? ಆ ಕಥೆಯನ್ನು ಯಾರು ಯಾರಿಗೆ ಹೇಳಿದರೆಂಬುದನ್ನು ನೆನೆದರೆ ಉತ್ತರ ಸಿಕ್ಕುತ್ತದೆ. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನೆದುರಿಗೆ ಧರ್ಮರಾಯನು, ಅಜ್ಜನ ಈ ದುರವಸ್ಥೆಗೆ ನಾನೇ ಕಾರಣನಾದೆನಲ್ಲಾ ಎಂದು ಬೇಯುತ್ತಿದ್ದಾನೆ. ಅವನನ್ನು ಸಂತಯಿಸಲು ಭೀಷ್ಮನು ಇದನ್ನು ಹೇಳಿದನು. ಎಂದರೆ ಹೇಳಿದವನು ಬಾಣ ತಾಗಿದವನು, ಕೇಳಿದವನು ತಪ್ಪನ್ನು ಮೊದಲೇ ತನ್ನ ತಲೆಗೆ ಹೊತ್ತುಕೊಂಡವನು. ಕಥೆಯೊಳಗೂ ಹಾಗೆಯೇ: ಹಾವನ್ನು ಬಿಡಿಸಿದ್ದು ಹಾವಿನ ವಾದವಲ್ಲ, ಮಗನನ್ನು ಕಳೆದುಕೊಂಡವಳ ಮಾತು, ಅದೂ ತನ್ನ ಕರ್ಮವನ್ನು ಮೊದಲು ಒಪ್ಪಿಕೊಂಡ ಮಾತು. ಕರ್ಮಸಿದ್ಧಾಂತವು ನೊಂದವನು ತನಗೆ ತಾನೇ ಹೇಳಿಕೊಳ್ಳಬಹುದಾದ, ಅಥವಾ ನೋಯಿಸಿದವನು ಪಶ್ಚಾತ್ತಾಪದಿಂದ ಸಾಯುತ್ತಿರುವಾಗ ನೊಂದವನು ಅವನಿಗೆ ಕೊಡಬಹುದಾದ ಔಷಧ. ಅದೇ ಮಾತನ್ನು ತಂಪಿನಲ್ಲಿ ಕುಳಿತವನು ಉಬ್ಬಸದವನಿಗೆ ಹೇಳಿದರೆ ಶಾಸ್ತ್ರದ ವಾಕ್ಯ ಬದಲಾಗಲಿಲ್ಲ, ಆದರೆ ಅದನ್ನಾಡುವ ಅಧಿಕಾರ ತಪ್ಪಿತು. ನಮ್ಮವರು ಅಧಿಕಾರಭೇದವನ್ನು ಎಲ್ಲೆಲ್ಲಿಯೋ ತಂದು ಹಲವು ಅನ್ಯಾಯಗಳಿಗೆ ಎಡೆಗೊಟ್ಟರು. ಅದನ್ನು ತರಲೇಬೇಕಾಗಿದ್ದ ಇಂಥ ಸ್ಥಳದಲ್ಲಿ ಮರೆತರು.

ಗೀತೆಯನ್ನು ಬಲ್ಲವರು ಇನ್ನೊಂದು ಸಮಾಧಾನವನ್ನು ಮುಂದಿಡಬಹುದು. ಸಹಜವಾದ ಕರ್ಮವನ್ನು ದೋಷವಿದೆಯೆಂಬ ಕಾರಣಕ್ಕಾಗಿ ಬಿಡಬಾರದೆಂದು ಬೋಧಿಸುವ ಹದಿನೆಂಟನೆಯ ಅಧ್ಯಾಯದಲ್ಲಿ, ಎಲ್ಲ ಉದ್ಯಮಗಳಿಗೂ ದೋಷ ಅಂಟಿಯೇ ಇರುವುದೆಂಬುದಕ್ಕೆ ಅಗ್ನಿಧೂಮಗಳ ಉಪಮಾನವೇ ಬಂದಿದೆ. ವಿದ್ಯುತ್ ಬೇಕು, ಹೊಗೆ ಅನಿವಾರ್ಯ, ಇದರಲ್ಲಿ ಚಿಂತಿಸುವುದೇನು ಎಂದು ಅವರ ತಾತ್ಪರ್ಯ. ಆದರೆ ಅಲ್ಲಿ ಭಗವಂತನು ಮಾತನಾಡುತ್ತಿರುವುದು ತನ್ನ ಧರ್ಮವನ್ನು ತಾನೇ ಮಾಡಿ ಅದರ ದೋಷವನ್ನು ತಾನೇ ಹೊರತಕ್ಕವನೊಡನೆ. ಒಲೆಯೂದುವ ಹೆಂಗಸಿನ ಕಣ್ಣಿಗೇ ಹೊಗೆ ನುಗ್ಗುತ್ತದೆ. ಅನ್ನವೂ ಅವಳದೇ, ಕಣ್ಣೀರೂ ಅವಳದೇ. ಬೆಂಕಿಯ ಫಲ ಒಂದು ಮನೆಗೆ, ಹೊಗೆ ಇನ್ನೊಂದು ಮನೆಗೆ ಹೋಗುವಂತಿದ್ದರೆ ಆ ಉಪಮಾನ ಸಲ್ಲುತ್ತದೆಯೆ ಎಂಬ ಪ್ರಶ್ನೆ ಅರ್ಜುನನಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ನನಗೆ ಇಲ್ಲಿ ಹೆಚ್ಚು ದಾರಿ ತೋರುವಂತೆ ಕಾಣುವುದು ದರ್ಶನಗ್ರಂಥಗಳ ಎತ್ತರದ ವಾಕ್ಯಗಳಲ್ಲ, ಗೃಹಸ್ಥನ ಅಡುಗೆಮನೆಗೆ ಸಂಬಂಧಿಸಿದ ಒಂದು ಹಳೆಯ ವಿಧಿ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನಿಗೆ ಐದು ಸೂನೆಗಳನ್ನು, ಅಂದರೆ ಐದು ವಧಸ್ಥಾನಗಳನ್ನು, ಹೇಳಿದೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಇವನ್ನು ಬಳಸುವಾಗ ಅರಿಯದೆಯೇ ಸಣ್ಣ ಜೀವಿಗಳು ಸಾಯುತ್ತವೆ. ಮನುಸ್ಮೃತಿಯಲ್ಲಿ ನನಗೆ ಒಪ್ಪಿಗೆಯಾಗದ ಮಾತುಗಳು ಹಲವಿವೆ. ಆದರೆ ಈ ಒಂದು ವಿಚಾರದ ನೈತಿಕ ಸೂಕ್ಷ್ಮತೆಗೆ ನಾನು ತಲೆಬಾಗುತ್ತೇನೆ. ಕೊಲ್ಲಬೇಕೆಂಬ ಸಂಕಲ್ಪವಿರಲಿಲ್ಲವಾದ್ದರಿಂದ ದೋಷವಿಲ್ಲವೆಂದು ಅದು ಗೃಹಸ್ಥನನ್ನು ಬಿಟ್ಟುಬಿಡಲಿಲ್ಲ. ದೋಷವುಂಟಾದ್ದರಿಂದ ಒಲೆ ಹಚ್ಚಬೇಡವೆಂದೂ ಹೇಳಲಿಲ್ಲ. ಯಾರ ಕೈ ಪೊರಕೆಯನ್ನು ಹಿಡಿದಿತ್ತೆಂದು ವಿಚಾರಣೆ ನಡೆಸಲೂ ಇಲ್ಲ. ಸೊಸೆ ಗುಡಿಸಿದರೂ ಆಳು ಗುಡಿಸಿದರೂ, ಆ ಮನೆಯ ಅನ್ನವನ್ನುಣ್ಣುವ ಗೃಹಸ್ಥನ ಮೇಲೆ ಋಣ ನಿಂತಿತು. ಅದನ್ನು ತೀರಿಸಲು ದಿನದಿನವೂ ಪಂಚಮಹಾಯಜ್ಞಗಳನ್ನು ವಿಧಿಸಿತು. ಅವುಗಳಲ್ಲಿ ಭೂತಗಳಿಗೆ ಬಲಿಯೂ ಮನುಷ್ಯರಿಗೆ ಆತಿಥ್ಯವೂ ಸೇರಿದವು. ಅತಿಥಿಗಳೂ ಆಶ್ರಿತರೂ ಉಂಡ ಮೇಲೆ ಉಳಿದದ್ದು ಯಜಮಾನ ದಂಪತಿಗಳಿಗೆ. ಕರ್ತೃವನ್ನು ಹುಡುಕುತ್ತ ಹೋದರೆ ಹಾವಿನಿಂದ ಮೃತ್ಯುವಿಗೆ, ಮೃತ್ಯುವಿನಿಂದ ಕಾಲನಿಗೆ ಓಡಬೇಕಾದೀತು. ಭೋಕ್ತೃವನ್ನು ಹುಡುಕಿದರೆ ಅವನು ಎಲೆಯ ಮುಂದೆ ಕುಳಿತೇ ಇರುತ್ತಾನೆ.

ನ್ಯೂಯಾರ್ಕಿನ ಗೃಹಸ್ಥನಿಗೆ ಹೀಗೆ ಆರನೆಯದೊಂದು ಸೂನೆ ಸೇರಿದೆ: ಗೋಡೆಯ ಮೇಲಿನ ಸ್ವಿಚ್ಚು. ಮೊದಲ ಐದಕ್ಕೂ ಇದಕ್ಕೂ ಒಂದು ಭೇದವುಂಟು. ಅವು ಕಣ್ಣೆದುರಿಗಿದ್ದವು, ಒಲೆಯಲ್ಲಿ ಬಿದ್ದ ಇರುವೆಯನ್ನು ಮನೆಯವರು ಕಂಡಿದ್ದರು. ಆರನೆಯದರ ವಧಸ್ಥಾನ ಹಲವು ಮೈಲಿಗಳಾಚೆ ಬೇರೆ ಜನರ ಹಿತ್ತಿಲಿನಲ್ಲಿದೆ. ದೋಷ ಹೆಚ್ಚಿತೆಂದಲ್ಲ, ಕಾಣದಾಯಿತು. ಕಾಣದಾದದ್ದರಿಂದಲೇ ತೀರಿಸುವವರಿಲ್ಲದೆ ಹೆಚ್ಚಿತು.

ಈ ವಿಚಾರವನ್ನು ಜೈನರು ಇನ್ನೂ ನಿಷ್ಕೃಷ್ಟವಾಗಿ ನಡೆಸಿದ್ದಾರೆ. ಅವರಲ್ಲಿ ಸಂಕಲ್ಪಿಸಿ ಮಾಡುವ ಹಿಂಸೆ ಬೇರೆ; ಗೃಹಕೃತ್ಯದಲ್ಲಿ ಆಗುವ ಆರಂಭೀ ಹಿಂಸೆಯೂ ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆಯೂ ಬೇರೆ. ಶ್ರಾವಕನು ಕಡೆಯ ಎರಡನ್ನು ಪೂರ್ತಿಯಾಗಿ ಬಿಡಲಾರನೆಂದು ಒಪ್ಪಿ, ಅವಕ್ಕೆ ಎಲ್ಲೆ ಕಟ್ಟುವ ವ್ರತಗಳನ್ನು ಹೇಳಿದ್ದಾರೆ. ಭೋಗೋಪಭೋಗಗಳಿಗೆ ಪರಿಮಾಣವನ್ನು ಗೊತ್ತುಮಾಡಿಕೊಳ್ಳುವುದು ಅಂಥ ಒಂದು ವ್ರತ. ಅದನ್ನು ಬದುಕಿರುವವರೆಗೆ ಹಿಡಿದರೆ ಯಮ, ಗೊತ್ತಾದ ಕಾಲಕ್ಕೆ ಹಿಡಿದರೆ ನಿಯಮ. ಪೀಕರಿನ ಸಮಸ್ಯೆ ಇಡೀ ವರ್ಷದ್ದಲ್ಲವೆಂಬುದನ್ನು ನೆನೆದಾಗ ಈ ಎರಡನೆಯದರ ಬೆಲೆ ತಿಳಿಯುತ್ತದೆ. ಬೇಸಗೆಯ ಕೆಲವು ದಿನಗಳಲ್ಲಿ, ಸಂಜೆಯ ಕೆಲವು ಗಂಟೆಗಳಲ್ಲಿ, ಒಂದಿಷ್ಟನ್ನು ಬಿಡುವುದು ಯಾವ ಸಂನ್ಯಾಸಿಯ ವೈರಾಗ್ಯವನ್ನೂ ಬೇಡುವುದಿಲ್ಲ.

ಇಲ್ಲಿ ಒಂದು ಎದುರುಮಾತನ್ನು ಮರೆಯುವಂತಿಲ್ಲ, ಮತ್ತು ಅದು ಸುಲಭವಾದ ಮಾತೂ ಅಲ್ಲ. 1977ರ ಜುಲೈಯಲ್ಲಿಯೂ 2003ರ ಆಗಸ್ಟಿನಲ್ಲಿಯೂ ಆ ನಗರ ಮತ್ತೆ ಕತ್ತಲಾಯಿತು. ಸೆಕೆಯ ರಾತ್ರಿ ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿ ವಿದ್ಯುತ್ ಹೋದರೆ ಲಿಫ್ಟು ನಿಲ್ಲುತ್ತದೆ, ನೀರು ಮೇಲೇರುವುದಿಲ್ಲ, ಒಂಟಿಯಾದ ಮುದುಕರು ಬೇಯುತ್ತಾರೆ, ಉಸಿರಾಟದ ಯಂತ್ರವನ್ನು ನಂಬಿದ ರೋಗಿಯ ಗತಿ ಹೇಳಬೇಕಾದ್ದಿಲ್ಲ. ಆ ರೋಗಿಯ ಮನೆ ಮಾಟ್ ಹೇವನ್ನಿನಲ್ಲಿಯೇ ಇರಬಹುದು. ಪೀಕರ್ ಕೆಡಿಸಿದ ಎದೆಯನ್ನೇ ಅದು ಆ ರಾತ್ರಿ ಉಳಿಸಲೂಬಹುದು. ಹೊಗೆಯ ದೋಷವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಈ ಜೀವಗಳನ್ನು ಇಡದವನು ಧರ್ಮವಿಚಾರಕನಲ್ಲ. ಆದರೆ ಆ ತಟ್ಟೆಯಲ್ಲಿ ಹಗಲೆಲ್ಲ ಖಾಲಿಯಿದ್ದ ಕಚೇರಿಯ ತಂಪನ್ನೂ, ಬಾಗಿಲನ್ನು ಹಾರುಹೊಡೆದು ಬೀದಿಗೆ ಚೆಲ್ಲುತ್ತಿದ್ದ ಅಂಗಡಿಯ ತಂಪನ್ನೂ ತಂದು ಸುರಿದು, ರೋಗಿಯ ಹೆಸರಿನಲ್ಲಿ ತೂಗುವವನೂ ಅಲ್ಲ. ಬೇಡಿಕೆಯ ಶಿಖರವೆಂಬುದು ಪ್ರಾಣ ಉಳಿಸುವ ವಿದ್ಯುತ್ತನ್ನೂ ಪೋಲಾಗುವ ವಿದ್ಯುತ್ತನ್ನೂ ಒಂದೇ ಗೆರೆಯಾಗಿ ಬರೆಯುತ್ತದೆ. ಧರ್ಮ ಅವನ್ನು ಬೇರೆ ಮಾಡಿ ನೋಡಬೇಕು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಬಾಗಿಲಿಗೆ ಬಂದಿದೆಯೆಂಬುದನ್ನು ಹೇಳಿ ಮುಂದುವರಿಯುತ್ತೇನೆ. ಅನಿಲದ ಅಭಾವದಿಂದಲೂ ಬೆಲೆಯಿಂದಲೂ ಭಾರತದ ಅನಿಲ ಸ್ಥಾವರಗಳು ಬಹುಪಾಲು ಸುಮ್ಮನಿರುವಂಥವು. 2024ರ ಬೇಸಗೆಯಲ್ಲಿ ಕೇಂದ್ರ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೆಯ ಪ್ರಕರಣವನ್ನು ಬಳಸಿ, ಮೇ ಜೂನ್ ತಿಂಗಳುಗಳಲ್ಲಿ ಅವು ಓಡಲು ಸಿದ್ಧವಾಗಿರಬೇಕೆಂದು ಆಜ್ಞಾಪಿಸಿತು. ಕರ್ನಾಟಕದ ಮೊದಲ ಅನಿಲ ಸ್ಥಾವರ, 370 ಮೆಗಾವಾಟಿನದು, ಬೆಂಗಳೂರಿನ ಯಲಹಂಕದಲ್ಲಿ, ಹಿಂದೆ ಡೀಸೆಲ್ ಸ್ಥಾವರವಿದ್ದ ನೆಲದಲ್ಲಿ ಎದ್ದಿದೆ. ಅದು ಉಗಿಯನ್ನೂ ಬಳಸಿಕೊಳ್ಳುವ ಸಂಯುಕ್ತ ಚಕ್ರದ್ದು, ಪೀಕರಲ್ಲ. ಅದರ ಸುತ್ತ ಮನೆಗಳಿವೆಯೆಂಬುದರಲ್ಲಿ ಮಾತ್ರ ಹೋಲಿಕೆಯಿದೆ.

ನ್ಯೂಯಾರ್ಕಿನಲ್ಲಿ ಇತ್ತೀಚೆಗೆ ಆದದ್ದು ಆಶೆಗೂ ಎಡೆಗೊಡುತ್ತದೆ, ಸಂದೇಹಕ್ಕೂ. 2019ರಲ್ಲಿ ಆ ರಾಜ್ಯದ ಪರಿಸರ ಇಲಾಖೆ ಹಳೆಯ ಪೀಕರುಗಳ ನೈಟ್ರೋಜನ್ ಆಕ್ಸೈಡಿಗೆ 2023ರಿಂದಲೂ 2025ರಿಂದಲೂ ಎರಡು ಹಂತಗಳಲ್ಲಿ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿತು. 2021ರಲ್ಲಿ ಕ್ವೀನ್ಸ್‌ನ ಅಸ್ಟೋರಿಯದಲ್ಲಿ ಹೊಸದೊಂದಕ್ಕೆ ಅನುಮತಿಯನ್ನು ನಿರಾಕರಿಸಿತು. 2001ರ ಆ ಅವಸರದ ಯಂತ್ರಗಳು 2030ರ ಕೊನೆಗೆ ನಿಲ್ಲಬೇಕೆಂದು 2023ರ ಶಾಸನ ಹೇಳುತ್ತದೆ. ಆದರೆ ಅದೇ 2023ರ ನವೆಂಬರಿನಲ್ಲಿ, 2025ರ ಬೇಸಗೆಗೆ ನಗರದಲ್ಲಿ 446 ಮೆಗಾವಾಟಿನ ಕೊರತೆ ಬಿದ್ದೀತೆಂದು ಲೆಕ್ಕಹಾಕಿ, ಗೊವಾನಸ್ ಕೊಲ್ಲಿಯಲ್ಲಿಯೂ ಅದರ ನೆರೆಯಲ್ಲಿಯೂ ಕಟ್ಟಿದ್ದ ದೋಣಿಗಳನ್ನು ಮಿತಿಯ ಗಡುವು ದಾಟಿದರೂ ಇರಿಸಿಕೊಳ್ಳಬೇಕೆಂದು ಗ್ರಿಡ್ಡಿನ ಆಡಳಿತ ತೀರ್ಮಾನಿಸಿತು. 446 ಎಂಬ ಆ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕೆನಿಸುತ್ತದೆ. ನಗರವನ್ನೂ ಪಕ್ಕದ ವೆಸ್ಟ್‌ಚೆಸ್ಟರನ್ನೂ ಪೋಷಿಸುವ ಕಾನ್ ಎಡಿಸನ್ ಕಂಪನಿಯ ಜಾಲದ ಅತ್ಯುಚ್ಚ ಬೇಡಿಕೆ, 2013ರ ಆ ಜುಲೈ 19ರಂದೇ, 13,322 ಮೆಗಾವಾಟು. ಕೊರತೆ ಅದರಲ್ಲಿ ನೂರಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚು.

ನೂರರಲ್ಲಿ ಮೂರನ್ನು ಕೆಲವು ಸಂಜೆಗಳಲ್ಲಿ ಬಿಡಿರೆಂದು ಜನರನ್ನು ಕೇಳದೆಯೇನೂ ಇಲ್ಲ. ಕಂಪನಿಗಳು ಕೇಳುತ್ತವೆ, ಬಿಟ್ಟವರಿಗೆ ಹಣವನ್ನೂ ಕೊಡುತ್ತವೆ. ಅದರಿಂದ ಒಂದಿಷ್ಟು ಫಲವೂ ಉಂಟು, ಬ್ಯಾಟರಿಗಳೂ ಬರುತ್ತಿವೆ. ಆದರೆ ಹಣಕ್ಕಾಗಿ ಬಿಟ್ಟದ್ದು ಋಣ ತೀರಿಸಿದಂತೆ ಆಗುವುದೆ ಎಂದು ಕೇಳಿದರೆ, ಋಣವಿದೆಯೆಂಬುದೇ ಆ ಗೃಹಸ್ಥನಿಗೆ ತಿಳಿಯದಲ್ಲ ಎಂದು ಹೇಳಬೇಕಾಗುತ್ತದೆ. ತಿಂಗಳ ಕೊನೆಗೆ ಅವನಿಗೆ ಬರುವ ಬಿಲ್ಲಿನಲ್ಲಿ ಯೂನಿಟ್ಟುಗಳೆಷ್ಟೆಂದಿರುತ್ತದೆ, ತೆರಿಗೆಯೆಷ್ಟೆಂದಿರುತ್ತದೆ. ಅವನ ಸಂಜೆಯ ತಂಪಿಗಾಗಿ ಯಾವ ದಿನ, ಎಷ್ಟು ಹೊತ್ತು, ಯಾರ ಬೀದಿಯ ಯಂತ್ರ ಹೊತ್ತಿಕೊಂಡಿತೆಂದು ಬರೆದಿರುವುದಿಲ್ಲ.